ತೋಟದ ಮನೆ, ಮಳೆಗಾಲದ ದಾಸ್ತಾನು, ಊಟದಲ್ಲಿ ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಹೊಸನಗರದ ಕಡೆಯ ಹಳ್ಳಿ. ಅಡಿಕೆ ತೋಟ, ಸ್ವಲ್ಪ ಗದ್ದೆ, ಹಿತ್ತಲು, ಕೊಟ್ಟಿಗೆ, ನಾಲ್ಕಾರು ಕೋಳಿ. ನಂಟರು, ಪೇಟೆ ಬಿಟ್ಟು ಊರಿಗೆ ಬಂದವರು, ಬೆಂಗಳೂರಿನಲ್ಲಿ ಕೂತು ಅಪ್ಪ ಅಮ್ಮನ ಊಟದ ಬಗ್ಗೆ ಚಿಂತೆ ಮಾಡುವ ಮಕ್ಕಳು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲೇ ಬೆಳೆದದ್ದು ಅಂದ ಮಾತ್ರಕ್ಕೆ ಎಷ್ಟು ತಿಂದರೂ ಆಗುತ್ತದೆ ಅಂತಿಲ್ಲ. ಅಟ್ಟ ತುಂಬಿಸುವಾಗಲೇ ಮನೆಯಲ್ಲಿ ಯಾರಿಗೆ ಶುಗರ್, ಯಾರಿಗೆ ಬಿಪಿ ಅಂತ ಲೆಕ್ಕ ಇಟ್ಟುಕೊಳ್ಳಬೇಕು. ನಾನು ಡಾಕ್ಟರಲ್ಲ. ಅಡುಗೆಮನೆಯ ಕಡೆಯಿಂದ ಹೇಳುತ್ತಿದ್ದೇನೆ.

## ಹೊಸದಾಗಿ ಶುರು ಮಾಡುವವರಿಗೆ

ಅಕ್ಕಾ, ನಮಗಿರೋದು ಅರ್ಧ ಎಕರೆ. ಮನೆಗೆ ಬೇಕಾದ್ದೆಲ್ಲ ಅದರಲ್ಲೇ ಬೆಳೆಯೋಕೆ ಆಗುತ್ತಾ?

ಎಲ್ಲವೂ ಆಗಲ್ಲ, ಆಗಬೇಕು ಅಂತಲೂ ಇಲ್ಲ. ಅಕ್ಕಿ, ಬೇಳೆ, ಉಪ್ಪು, ಎಣ್ಣೆ ಅಂಗಡಿಯಿಂದಲೇ ಬರಲಿ. ತರಕಾರಿ, ಸೊಪ್ಪು, ಬಾಳೆ, ತೆಂಗಿನಕಾಯಿ, ಮೊಟ್ಟೆ ಇಷ್ಟಕ್ಕೆ ಅರ್ಧ ಎಕರೆ ಧಾರಾಳ ಸಾಕು. ಬಚ್ಚಲು ನೀರು ಹೋಗುವ ಕಡೆ ಒಂದು ಬಸಳೆ ಚಪ್ಪರ ಹಾಕಿ, ಅದರ ಪಕ್ಕ ಬಾಳೆ, ಕೆಸು. ಬೇಲಿ ಮೇಲೆ ತೊಂಡೆ ಹಬ್ಬಿಸಿ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕೊಡುವ ಗಿಡಗಳನ್ನು ಮೊದಲು ಹಿಡಿಯಿರಿ: ಕರಿಬೇವು, ನಿಂಬೆ, ಪಪ್ಪಾಯಿ, ಹಲಸು. ನುಗ್ಗೆಗೆ ಮಾತ್ರ ನೀರು ನಿಲ್ಲದ ಎತ್ತರದ ಜಾಗ ಬೇಕು, ಇಲ್ಲದಿದ್ದರೆ ನಮ್ಮ ಮಳೆಗೆ ಬುಡವೇ ಕೊಳೆಯುತ್ತದೆ.

ಏನು ನೆಟ್ಟರೂ ಮಂಗ ಬಿಡಲ್ಲ. ತರಕಾರಿ ಬೆಳೆಯೋದೇ ಬಿಟ್ಟಿದ್ದೇವೆ. ಏನಾದರೂ ದಾರಿ ಇದೆಯಾ?

ಪೂರ್ತಿ ದಾರಿ ಯಾರ ಹತ್ತಿರವೂ ಇಲ್ಲ. ಮಂಗ ಅಷ್ಟಾಗಿ ಮುಟ್ಟದವು ಅಂದರೆ ಸುವರ್ಣಗಡ್ಡೆ, ಅರಿಶಿನ, ಹಾಗಲ, ದೊಡ್ಡಪತ್ರೆ, ಒಂದೆಲಗ, ಕರಿಬೇವು. ಉಳಿದದ್ದಕ್ಕೆ ಬಲೆ ಹಾಕಬೇಕು. ಮನೆಗೆ ಹತ್ತಿದ ಹಾಗೆ ಒಂದು ಸಣ್ಣ ಜಾಗಕ್ಕೆ ಮೇಲೂ ಬದಿಗೂ ಬಲೆ ಕಟ್ಟಿ ಅದರೊಳಗೆ ಹರಿವೆ, ಬದನೆ, ಮೆಣಸು ಬೆಳೆದುಕೊಳ್ಳುವುದೇ ಸರಿ. ಸೊಪ್ಪು ತರಕಾರಿ ಇಲ್ಲದ ಮನೆಯಲ್ಲಿ ಊಟ ಅಂದರೆ ಅನ್ನ, ಸಾರು, ಉಪ್ಪಿನಕಾಯಿ ಅಷ್ಟೇ ಆಗಿಬಿಡುತ್ತದೆ, ಕಾಯಿಲೆ ಶುರುವಾಗುವುದೇ ಅಲ್ಲಿ. ಹಾಗಾಗಿ ಬಲೆಗೆ ದುಡ್ಡು ಹಾಕಲು ಯೋಚನೆ ಮಾಡಬೇಡಿ.

ಇನ್ನೊಂದು ವಿಷಯ. ತೋಟದಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ. ಉಣುಗಿನಿಂದ ಹರಡುತ್ತದೆ. ಡಿಸೆಂಬರಿನಿಂದ ಮೇ ತನಕ ಸೊಪ್ಪು, ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುವವರು ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಂಡು, ಮೈ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ. ಬಂದ ಕೂಡಲೇ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ.

ದನ ಕಟ್ಟಲೇಬೇಕಾ? ಬೆಳಿಗ್ಗೆ ಸಂಜೆ ಯಾರು ನೋಡಿಕೊಳ್ತಾರೆ?

ಮನೆಯಲ್ಲಿ ದಿನವೂ ಇರುವವರು ಯಾರೂ ಇಲ್ಲದಿದ್ದರೆ ಬೇಡ. ಇರುವುದಾದರೆ ಒಂದು ಮಲೆನಾಡು ಗಿಡ್ಡ ಸಾಕು. ದಿನಕ್ಕೆ ಎರಡು ಮೂರು ಲೀಟರು ಕೊಟ್ಟರೆ ಅದೇ ಹೆಚ್ಚು. ಆದರೆ ಕಾಡಲ್ಲಿ ಮೇಯ್ದು ಬರುತ್ತದೆ, ಮಳೆಗೆ ಹೊಂದಿಕೊಂಡಿದೆ, ಗೊಬ್ಬರ ಬೇರೆ. ನಾಲ್ಕು ಜನರ ಮಜ್ಜಿಗೆಗೆ ಅಷ್ಟು ಹಾಲು ಸಾಲದೇ? ಹಾಲು ಮಾರುವ ಆಸೆ ಇದ್ದರೆ ಅದರ ಲೆಕ್ಕವೇ ಬೇರೆ.

## ದಾಸ್ತಾನು, ಕೆಡದ ಹಾಗೆ ಇಡುವುದು

ಮಳೆಗಾಲಕ್ಕೆ ಏನೇನು ಮಾಡಿಟ್ಟುಕೊಳ್ಳಬೇಕು, ಯಾವ ತಿಂಗಳಲ್ಲಿ? ಅತ್ತೆ ಇದ್ದಾಗ ಕೇಳಿಕೊಳ್ಳಲಿಲ್ಲ.

ಕೆಲಸ ಶುರುವಾಗುವುದು ಗದ್ದೆ ಕೊಯ್ಲಿನಿಂದ. ನವೆಂಬರ್ ಡಿಸೆಂಬರಿನಲ್ಲಿ ಭತ್ತ ಒಣಗಿಸಿ ಕಣಜಕ್ಕೆ ಹಾಕುವುದು. ಎಲ್ಲವನ್ನೂ ಒಮ್ಮೆಗೇ ಮಿಲ್ಲಿಗೆ ಒಯ್ಯಬೇಡಿ, ಭತ್ತವಾಗಿ ಇದ್ದರೆ ಹುಳ ಕಡಿಮೆ. ಜನವರಿಯ ನಂತರ ಆಲೆಮನೆ. ಜೋನಿ ಬೆಲ್ಲ ಡಬ್ಬಕ್ಕೆ ಹಾಕುವಾಗ ಪಾಕ ಸರಿಯಾಗಿ ಬಂದಿದೆಯೋ ನೋಡಿ ತೆಗೆದುಕೊಳ್ಳಿ, ನೀರಾಗಿದ್ದರೆ ಮಳೆಗಾಲದಲ್ಲಿ ಹುಳಿ ಬಂದು ಉಕ್ಕುತ್ತದೆ. ಫೆಬ್ರವರಿ ಮಾರ್ಚಿನಲ್ಲಿ ಮಾವಿನ ಮಿಡಿ. ಬಿಸಿಲು ಜೋರಾದ ಮೇಲೆ ಬಾಳಕದ ಮೆಣಸು, ಅರಳು ಸಂಡಿಗೆ, ಅಕ್ಕಿ ಹಪ್ಪಳ. ಹುಣಸೆ ಬಿಡಿಸಿ ಬೀಜ ತೆಗೆದು ಉಪ್ಪು ಹಾಕಿ ಕುಟ್ಟಿಡುವುದು. ಏಪ್ರಿಲ್ ಮೇ ಪೂರ್ತಿ ಹಲಸಿನದೇ ಗಲಾಟೆ. ಬಲಿತ ಕಾಯಿಯ ಸೊಳೆ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಕೊತ್ತಂಬರಿ, ಒಣಮೆಣಸು ಸೇರಿಸಿ ಕುಟ್ಟಿ ಹಪ್ಪಳ ಒತ್ತುವುದು. ಹಸಿ ಸೊಳೆಯನ್ನು ಉಪ್ಪಿಗೆ ಹಾಕಿ ಇಡುವುದು ಇನ್ನೊಂದು. ಅದೇ ಹೊತ್ತಿಗೆ ಮುರುಗಲು (ಪುನರ್ಪುಳಿ) ಹಣ್ಣು ಬೀಳುತ್ತದೆ, ಸಿಪ್ಪೆ ಒಣಗಿಸಿ ಇಟ್ಟರೆ ವರ್ಷವಿಡೀ ಸಾರಿಗೆ ಆಯಿತು. ಮೀನು ತಿನ್ನುವ ಮನೆಯವರು ಒಣಮೀನನ್ನೂ ಮೇ ಒಳಗೇ ತಂದಿಡುತ್ತಾರೆ, ಯಾಕೆಂದರೆ ಜೂನ್ 1ರಿಂದ ಜುಲೈ 31ರ ತನಕ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ.

ಈ ಪಟ್ಟಿಯನ್ನು ಒಮ್ಮೆ ಕಣ್ಣಿಟ್ಟು ನೋಡಿ. ಹೆಚ್ಚಿನದೆಲ್ಲ ಉಪ್ಪು, ಹಿಟ್ಟು, ಬೆಲ್ಲ, ಎಣ್ಣೆ. ಕೆಸರುಗದ್ದೆಯಲ್ಲಿ ದಿನವಿಡೀ ನಿಂತು ನಾಟಿ ಮಾಡಿದವರ ಮೈಗೆ ಅದು ಕರಗುತ್ತಿತ್ತು. ಈಗ ನಾಟಿಗೆ ಮೆಷಿನ್ನು, ಪೇಟೆಗೆ ಬೈಕು. ಹಾಗಾಗಿ ನಾನು ಹಪ್ಪಳ, ಸಂಡಿಗೆ ಕಡಿಮೆ ಮಾಡಿ ಆ ಜಾಗಕ್ಕೆ ಹುರುಳಿ, ಅಲಸಂದೆ, ಒಣಗಿಸಿದ ನೆಲ್ಲಿಕಾಯಿ, ತೂಗುಹಾಕಿದ ತರಕಾರಿ ಜಾಸ್ತಿ ಇಡುತ್ತೇನೆ.

ಮಗೆಕಾಯಿ, ಬೂದುಗುಂಬಳ ಹಳಬರು ತಿಂಗಳುಗಟ್ಟಲೆ ಇಡ್ತಿದ್ರು. ನಾವು ಇಟ್ರೆ ಕೊಳೆಯುತ್ತೆ, ಯಾಕೆ?

ನೆಲದ ಮೇಲೆ ಇಟ್ಟಿರುತ್ತೀರಿ, ಅದಕ್ಕೆ. ನೆಲಕ್ಕೆ ತಾಗಿದ ಕಡೆ ಬೆವರು ಬಂದು ಮೆತ್ತಗಾಗಿ ಅಲ್ಲಿಂದ ಕೊಳೆ ಹಿಡಿಯುತ್ತದೆ. ಬಲಿತ ಕಾಯಿಯನ್ನು ತೊಟ್ಟು ಸಮೇತ ಕೊಯ್ಯಬೇಕು. ತೊಟ್ಟು ಕಿತ್ತುಹೋದದ್ದನ್ನು ಮೊದಲು ಅಡುಗೆಗೆ ಬಳಸಿ. ತೊಳೆಯಬೇಡಿ, ಒರೆಸಿ. ಬಾಳೆಪಟ್ಟೆಯ ಹಗ್ಗವನ್ನು ಕಾಯಿಯ ಸುತ್ತ ಎರಡು ಕಡೆ ಹಾಯಿಸಿ ಗಂಟು ಹಾಕಿ, ಒಂದಕ್ಕೊಂದು ತಾಗದ ಹಾಗೆ ಅಡ್ಡೆಗೆ ತೂಗುಹಾಕಿ. ಒಲೆಯ ಹೊಗೆ ಸ್ವಲ್ಪ ತಾಗುವ ಜಾಗವಾದರೆ ಇನ್ನೂ ಒಳ್ಳೆಯದು. ವಾರಕ್ಕೊಮ್ಮೆ ಬುಡ ಮುಟ್ಟಿ ನೋಡಿ, ಬೆರಳಿಗೆ ಮೆತ್ತಗೆ ಸಿಕ್ಕಿದ್ದನ್ನು ಅವತ್ತೇ ಹುಳಿಗೆ ಹೆಚ್ಚಿ. ಮಳೆ ಹಿಡಿದು ಪೇಟೆಗೆ ಹೋಗಲು ಆಗದ ದಿನ ತಟ್ಟೆಗೆ ತರಕಾರಿ ಬೀಳುವುದು ಇದರಿಂದಲೇ. ಉಪ್ಪು ಇಲ್ಲ, ಎಣ್ಣೆ ಇಲ್ಲ, ಕರೆಂಟೂ ಬೇಡ. ದಾಸ್ತಾನಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು.

ಮಿಡಿ ಉಪ್ಪಿನಕಾಯಿ ಮೇಲೆ ಬಿಳಿ ಪೊರೆ ಬಂದಿದೆ. ಎಸೆಯಬೇಕಾ?

ತೆಳ್ಳಗಿನ ಬಿಳಿ ಪೊರೆ ಮಾತ್ರ ಇದ್ದು ವಾಸನೆ ಸರಿಯಿದ್ದರೆ, ಮಿಡಿ ಗಟ್ಟಿಯಿದ್ದರೆ, ಮೇಲಿನದನ್ನು ತೆಗೆದುಹಾಕಿ ಬೇಗ ಮುಗಿಸಿ. ಕಪ್ಪು, ಹಸಿರು ಬಣ್ಣದ ಹತ್ತಿಯಂಥ ಬೂಸ್ಟು ಬಂದಿದ್ದರೆ ಭರಣಿಯಲ್ಲಿದ್ದದ್ದನ್ನೆಲ್ಲ ಎಸೆಯಿರಿ, ಮನಸ್ಸು ಕರಗಿಸಿಕೊಳ್ಳಬೇಡಿ.

ಪೊರೆ ಬರುವುದು ನೀರಿನ ಪಸೆಯಿಂದ, ಉಪ್ಪು ಕಡಿಮೆಯಾದದ್ದರಿಂದ, ಅಥವಾ ಮಿಡಿ ಉಪ್ಪುನೀರಿನ ಮೇಲೆ ತೇಲುವುದರಿಂದ. ಅಪ್ಪೆಮಿಡಿಯನ್ನು ಒಂದು ಇಂಚು ತೊಟ್ಟು ಬಿಟ್ಟು ಕೊಯ್ಯಬೇಕು. ಸೊನೆ ಹೋದರೆ ಪರಿಮಳವೂ ಹೋಯಿತು, ಬಾಳಿಕೆಯೂ ಹೋಯಿತು. ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಪೂರ್ತಿ ಆರಿಸಿ. ಒಂದು ಕೆಜಿಗೆ ಸುಮಾರು ಕಾಲು ಕೆಜಿ ಹರಳುಪ್ಪು, ಒಂದು ಪದರ ಮಿಡಿ, ಒಂದು ಪದರ ಉಪ್ಪು. ದಿನಾ ಒಣಗಿದ ಮರದ ಸೌಟಿನಲ್ಲಿ ಕೈಯಾಡಿಸಿ. ವಾರ ಹತ್ತು ದಿನದಲ್ಲಿ ಮಿಡಿ ಚಿರುಟಿ ಸುಕ್ಕಾಗುತ್ತದೆ. ಆಮೇಲೆ ಉಪ್ಪುನೀರನ್ನು ಕುದಿಸಿ, ಪೂರ್ತಿ ತಣಿಸಿ, ಸಾಸಿವೆ, ಮೆಣಸು, ಅರಿಶಿನದ ಮಸಾಲೆ ಬೆರೆಸಿ. ಮೇಲೊಂದು ತೊಳೆದು ಒಣಗಿಸಿದ ಕಲ್ಲು ಇಟ್ಟು ಮಿಡಿಯನ್ನು ರಸದೊಳಗೆ ಮುಳುಗಿಸಿಡಿ. ದಿನದ ಬಳಕೆಗೆ ಸಣ್ಣ ಬಾಟಲಿಗೆ ತೆಗೆದುಕೊಳ್ಳಿ, ದೊಡ್ಡ ಭರಣಿಯ ಬಾಯಿ ಪದೇ ಪದೇ ಬಿಚ್ಚಬೇಡಿ.

ಭತ್ತ, ಅಕ್ಕಿ, ಕಾಳಿಗೆ ಹುಳ ಬೀಳದ ಹಾಗೆ ಏನು ಮಾಡೋದು? ಮಾತ್ರೆ ಇಡಬಹುದಾ?

ಮನೆಯೊಳಗೆ ಮಾತ್ರೆ ಬೇಡವೇ ಬೇಡ. ಗೋದಾಮಿಗೆ ಇಡುವ ಆ ಮಾತ್ರೆಯಿಂದ ಬರುವ ಗಾಳಿ ಮಲಗಿದ್ದವರನ್ನು ಕೊಲ್ಲುತ್ತದೆ. ಎಲ್ಲಕ್ಕೂ ಮೊದಲು ಒಣಗಿಸುವುದು ಮುಖ್ಯ. ನಾಲ್ಕು ಭತ್ತ ಹಲ್ಲಲ್ಲಿ ಕಡಿದರೆ ಕಟಕ್ ಅಂತ ಮುರಿಯಬೇಕು, ಅಗಿದ ಹಾಗಾದರೆ ಇನ್ನೊಂದು ಬಿಸಿಲು ಬೇಕು. ತೊಗರಿ, ಹೆಸರು, ಅಲಸಂದೆಗೆ ಅಂಗೈಯಲ್ಲಿ ಸ್ವಲ್ಪ ಹರಳೆಣ್ಣೆ ಸವರಿ ಉಜ್ಜಿಟ್ಟರೆ ಕುಟ್ಟೆ ಬೀಳುವುದು ಕಡಿಮೆ. ಲಕ್ಕಿಸೊಪ್ಪು, ಬೇವಿನಸೊಪ್ಪು ಒಣಗಿಸಿ ಹಾಕಿ, ಹಸಿ ಹಾಕಬೇಡಿ.

ರಾಗಿಗೆ ಈ ತಲೆನೋವೇ ಇಲ್ಲ. ಬಯಲುಸೀಮೆಯಲ್ಲಿ ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು. ಹಳೆಯ ಹಗೇವು ಇರುವ ಮನೆಯವರು ಒಂದು ಎಚ್ಚರಿಕೆ ಮರೆಯಬಾರದು: ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯಬಾರದು. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ, ಜನ ಸತ್ತಿದ್ದಾರೆ.

ಕೊಬ್ಬರಿ, ಶೇಂಗಾಕ್ಕೆ ಬೂಸ್ಟು ಬಂದರೆ ಒರೆಸಿ, ಬಿಸಿಲಿಗೆ ಹಾಕಿ ಬಳಸಬಹುದಲ್ವಾ?

ಬೇಡ. ಆ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು. ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಲಿವರ್ ಕ್ಯಾನ್ಸರಿಗೆ ದಾರಿ. ಹುರಿದರೂ ಕುದಿಸಿದರೂ ಪೂರ್ತಿ ಹೋಗಲ್ಲ. ಕೋಳಿಗೆ, ದನಕ್ಕೆ ಹಾಕಿದರೂ ಆಗಲ್ಲ. ದನ ತಿಂದರೆ ಹಾಲಿಗೂ ಬರುತ್ತದೆ.

ನಮ್ಮದೇ ಹಸುವಿನ ಹಾಲು, ನಮ್ಮದೇ ಕೋಳಿ ಮೊಟ್ಟೆ. ಹಸಿಯಾಗಿ ಕುಡಿದರೆ ಶಕ್ತಿ ಜಾಸ್ತಿ ಅಂತಾರೆ, ನಿಜವಾ?

ಶಕ್ತಿ ಏನೂ ಜಾಸ್ತಿ ಇಲ್ಲ, ಅಪಾಯ ಮಾತ್ರ ಜಾಸ್ತಿ. ಹಸುವಿಗೆ ಕಂದು ರೋಗ ಅಂದರೆ ಬ್ರುಸೆಲ್ಲೋಸಿಸ್ ಇದ್ದರೆ ನೋಡಲು ಚೆನ್ನಾಗಿಯೇ ಇರುತ್ತದೆ, ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು, ತಿಂಗಳುಗಟ್ಟಲೆ ನರಳಾಟ. ಹಾಲು ಉಕ್ಕುವ ತನಕ ಕಾಯಿಸಿ. ಹಸುವಿಗೆ ಗರ್ಭಪಾತವಾದರೆ ಪಶುವೈದ್ಯರಿಗೆ ಹೇಳಿ, ಬಿದ್ದದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಮೊಟ್ಟೆಯನ್ನೂ ಬೇಯಿಸಿಯೇ ತಿನ್ನಿ. ತಂದಿಡುವಾಗ ತೊಳೆಯಬೇಡಿ, ಬಳಸುವಾಗ ತೊಳೆದರೆ ಸಾಕು. ಹಳೆಯದೋ ಹೊಸದೋ ಗೊತ್ತಾಗದಿದ್ದರೆ ನೀರಿಗೆ ಹಾಕಿ ನೋಡಿ. ಅಡ್ಡ ಮಲಗಿದರೆ ಹೊಸದು, ನೆಟ್ಟಗೆ ನಿಂತರೆ ಹಳೆಯದು, ತೇಲಿದರೆ ಎಸೆಯಿರಿ.

ಇದೇ ಸಾಲಿಗೆ ಜೇನು. ಒಂದು ವರ್ಷ ತುಂಬದ ಮಗುವಿನ ನಾಲಿಗೆಗೆ ಜೇನು ನೆಕ್ಕಿಸಬೇಡಿ, ಎಷ್ಟೇ ಶುದ್ಧವಾಗಿರಲಿ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ದೊಡ್ಡವರಿಗೆ ಏನೂ ಮಾಡಲ್ಲ, ಹಸುಗೂಸಿನ ಹೊಟ್ಟೆಯಲ್ಲಿ ಬೆಳೆದು ವಿಷ ಮಾಡುತ್ತದೆ.

## ಕಾಯಿಲೆ ಇರುವ ಮನೆಯ ಊಟ

ನಮ್ಮನೆಯವರಿಗೆ ಶುಗರ್ ಬಂದಿದೆ. ಅಕ್ಕಿ ಬಿಟ್ಟು ರಾಗಿ ಕೊಟ್ಟರೆ ಸಾಕಾ?

ರಾಗಿ ಒಳ್ಳೆಯದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಾರೂ ಇದೆ. ಆದರೆ ರಾಗಿಯೂ ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಲೋಟಗಟ್ಟಲೆ ಕುಡಿದರೆ ಶುಗರ್ ಸರ್ರನೆ ಏರುತ್ತದೆ. ಎರಡು ದೊಡ್ಡ ಮುದ್ದೆ ನುಂಗಿದರೂ ಅಷ್ಟೇ.

ನಮ್ಮ ಮಲೆನಾಡಿನ ಊಟ ನೋಡಿ. ಬೆಳಿಗ್ಗೆ ಕಡುಬು ಅಥವಾ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಮೂರು ಹೊತ್ತೂ ಅಕ್ಕಿಯೇ. ಕೆಂಪಕ್ಕಿಯಾದರೆ ಸ್ವಲ್ಪ ಮೇಲು, ಆದರೆ ತಟ್ಟೆ ತುಂಬಾ ಹಾಕಿಕೊಂಡರೆ ಅದೂ ಅಷ್ಟೇ. ಬದಲಾಗಬೇಕಾದ್ದು ತಟ್ಟೆಯ ಲೆಕ್ಕ. ಅರ್ಧ ತಟ್ಟೆ ಪಲ್ಯ, ಸೊಪ್ಪು. ಕಾಲು ಭಾಗ ಹುರುಳಿ, ಹೆಸರು, ಮೊಟ್ಟೆ, ಮೀನು, ಇದರಲ್ಲಿ ಯಾವುದಾದರೂ. ಉಳಿದ ಕಾಲು ಭಾಗ ಮಾತ್ರ ಅನ್ನವೋ ಮುದ್ದೆಯೋ. ಮೊದಲು ಪಲ್ಯ ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿ. ಹಲಸಿನ ಕಾಲದಲ್ಲಿ ಎಳೆಕಾಯಿ ಪಲ್ಯ ಜಾಸ್ತಿ ಮಾಡಿ ಅನ್ನ ಕಡಿಮೆ ಮಾಡಬಹುದು. ಹಣ್ಣು ಮಾತ್ರ ಒಂದೆರಡು ತೊಳೆಗೆ ನಿಲ್ಲಿಸಿ.

ಒಂದು ಗ್ಲೂಕೋಮೀಟರ್ ತಂದಿಟ್ಟುಕೊಳ್ಳಿ. ಒಂದು ದಿನ ಕಡುಬು ತಿಂದು ಎರಡು ಗಂಟೆ ಆದ ಮೇಲೆ ನೋಡಿ, ಇನ್ನೊಂದು ದಿನ ರೊಟ್ಟಿ ಪಲ್ಯ ತಿಂದು ನೋಡಿ, ಬರೆದಿಡಿ. ನಿಮ್ಮ ಮೈಗೆ ಯಾವುದು ಆಗುತ್ತದೆ ಅಂತ ನೆರೆಮನೆಯವರ ಮಾತಿಗಿಂತ ಅದು ಸರಿಯಾಗಿ ಹೇಳುತ್ತದೆ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನವನ್ನು ಒಮ್ಮೆಗೇ ಇಳಿಸಿದರೆ ಶುಗರ್ ಕುಸಿಯಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಆ ಕ್ಷಣ ಸಕ್ಕರೆ ನೀರು ಕುಡಿಸಿ. ಹಾಗಾಗಿ ಊಟ ಬದಲಿಸುವ ಮುಂಚೆಯೇ ಡಾಕ್ಟರಿಗೆ ಹೇಳಿ.

ಸಕ್ಕರೆ ಬಿಟ್ಟಿದ್ದೇವೆ. ಮನೆ ಬೆಲ್ಲ, ಜೇನು ತಿನ್ನಬಹುದಲ್ವಾ?

ಶುಗರ್ ಇರುವವರಿಗೆ ಮೂರೂ ಒಂದೇ. ನೂರು ಗ್ರಾಂ ಬೆಲ್ಲದಲ್ಲಿ 380ರ ಹತ್ತಿರ ಕ್ಯಾಲೊರಿ, ಸಕ್ಕರೆಯಲ್ಲಿ 400ರ ಹತ್ತಿರ. ಎಷ್ಟು ವ್ಯತ್ಯಾಸ ಅಂತ ನೀವೇ ನೋಡಿ. ದೋಸೆಗೆ ಜೋನಿ ಬೆಲ್ಲ ಸುರಿದುಕೊಳ್ಳುವ ಅಭ್ಯಾಸ ನಿಲ್ಲಲೇಬೇಕು.

ಅಪ್ಪನಿಗೆ ಬಿಪಿ. ಉಪ್ಪಿನಕಾಯಿ, ಒಣಮೀನು ಇಲ್ಲದೆ ಊಟವೇ ಸೇರಲ್ಲ ಅಂತಾರೆ. ಏನು ಮಾಡೋದು?

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚದ ಒಳಗೆ. ಪಲ್ಯ, ಸಾರು, ಮಜ್ಜಿಗೆ, ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ ಇಷ್ಟು. ನಮ್ಮ ಕಡೆ ಊಟದಲ್ಲಿ ಮಧ್ಯಾಹ್ನವೇ ಅದು ಮುಗಿದಿರುತ್ತದೆ.

ವಯಸ್ಸಾದವರಿಗೆ ಒಮ್ಮೆಗೇ ಎಲ್ಲ ಬಿಡಿಸಲು ಹೋದರೆ ಊಟವನ್ನೇ ಬಿಡುತ್ತಾರೆ. ಮೊದಲು ಅನ್ನಕ್ಕೆ ಉಪ್ಪು ಹಾಕುವುದನ್ನು ನಿಲ್ಲಿಸಿ. ಉಪ್ಪಿನ ಸೊಳೆಯನ್ನು ರಾತ್ರಿಯೇ ನೀರಿಗೆ ಹಾಕಿ, ನೀರು ಬದಲಿಸಿ, ಹಿಂಡಿ ಬಳಸಿ, ಮತ್ತೆ ಉಪ್ಪು ಹಾಕಬೇಡಿ. ಒಣಮೀನನ್ನೂ ಹಾಗೆಯೇ ಬಿಸಿನೀರಿನಲ್ಲಿ ನೆನೆಸಿ ತೊಳೆಯಿರಿ. ನಾಲಿಗೆಗೆ ಬೇಕಾದ್ದು ಚುರುಕು, ಅದನ್ನು ಹುಳಿ ಮತ್ತು ಕಾರದಿಂದ ಕೊಡಿ. ಒಂದೆಲಗ ಅಥವಾ ದೊಡ್ಡಪತ್ರೆಯನ್ನು ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಹುರಿದು, ಸ್ವಲ್ಪ ಕಾಯಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದ ತಂಬುಳಿಗೆ ಉಪ್ಪು ಚಿಟಿಕೆ ಸಾಕು. ಮುರುಗಲು ಸಾರಿಗೂ ಅಷ್ಟೇ. ಮಿಡಿ ಬೇಕೇ ಬೇಕು ಅಂದರೆ ಅರ್ಧ ಮಿಡಿ, ರಸ ಬೇಡ. ಪೇಟೆಯಲ್ಲಿ ಸಿಗುವ ಸೋಡಿಯಂ ಕಡಿಮೆ ಇರುವ ಉಪ್ಪನ್ನು ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಹರಳುಪ್ಪು ಉಪ್ಪಿನಕಾಯಿಗೆ ಇರಲಿ, ದಿನದ ಅಡುಗೆಗೆ ಅಯೋಡಿನ್ ಉಪ್ಪೇ ಇರಲಿ.

ಮಧುನಾಶಿನಿ, ಅಮೃತಬಳ್ಳಿ, ಮೆಂತ್ಯ ನೀರು ಕುಡಿದು ಮಾತ್ರೆ ಬಿಟ್ಟವರಿದ್ದಾರೆ. ನಾವೂ ಬಿಡಬಹುದಾ?

ನೀವಾಗಿ ಬಿಡಬೇಡಿ. ಮೆಂತ್ಯದಲ್ಲಿ ನಾರು ಜಾಸ್ತಿ, ಊಟದ ನಂತರದ ಶುಗರ್ ಸ್ವಲ್ಪ ತಗ್ಗುತ್ತದೆ, ದಿನಾ ಬಳಸಿ. ಮಧುನಾಶಿನಿ ಎಲೆ ಅಗಿದರೆ ನಾಲಿಗೆಗೆ ಸಿಹಿ ಗೊತ್ತಾಗಲ್ಲ ಅನ್ನುವುದು ನಿಜ, ಅಷ್ಟಕ್ಕೇ ಮಾತ್ರೆ ಬಿಡುವ ಹಾಗಿಲ್ಲ. ಅಮೃತಬಳ್ಳಿ ಕಷಾಯ ಬಹಳ ದಿನ ಕುಡಿದವರಲ್ಲಿ ಲಿವರಿಗೆ ಪೆಟ್ಟು ಬಿದ್ದದ್ದನ್ನು ಕೊರೋನಾ ಕಾಲದಲ್ಲಿ ಮುಂಬೈಯ ವೈದ್ಯರು ದಾಖಲಿಸಿದ್ದಾರೆ. ಊಟ, ಓಡಾಟದಿಂದ ಶುಗರ್ ಇಳಿದರೆ ಡಾಕ್ಟರೇ ಮಾತ್ರೆ ಕಡಿಮೆ ಮಾಡುತ್ತಾರೆ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ ಮಾಡಿಸಿ, ಆ ಚೀಟಿ ತೋರಿಸಿ ಕೇಳಿ.

ತೆಂಗಿನಕಾಯಿ ನಮ್ಮ ಮರದ್ದೇ. ಕೊಲೆಸ್ಟ್ರಾಲ್ ಇರುವವರು ತಿನ್ನಬಾರದಾ?

ಅಡುಗೆಗೆ ರುಬ್ಬಿ ಹಾಕುವ ಕಾಯಿಯಲ್ಲಿ ನಾರು ಇದೆ, ಮಿತಿಯಲ್ಲಿ ಇರಲಿ. ಎಣ್ಣೆಯ ವಿಷಯ ಬೇರೆ. ಕೊಬ್ಬರಿ ಎಣ್ಣೆಯ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಪಾಲು ಸ್ಯಾಚುರೇಟೆಡ್ ಕೊಬ್ಬು, ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ಸಾರಿಗೆ ಕಾಯಿ ಹಾಕಿದ ದಿನ ಪಲ್ಯಕ್ಕೆ ಕಾಯಿತುರಿ ಬೇಡ, ಹಪ್ಪಳ ಕರಿಯುವ ಬದಲು ಕೆಂಡದ ಮೇಲೆ ಸುಡಿ.

ಕಿಡ್ನಿ ತೊಂದರೆ ಇರುವವರಿಗೆ ಹಿತ್ತಲಿನ ಯಾವುದು ಆಗಲ್ಲ?

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಧಾರೆಹುಳಿ, ಅಂದರೆ ಐದು ಮೂಲೆಯ ನಕ್ಷತ್ರದಂಥ ಹಣ್ಣು, ಕಿಡ್ನಿ ಸೋತವರಿಗೆ ಸ್ವಲ್ಪ ತಿಂದರೂ ವಿಷ. ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬರುತ್ತದೆ, ಜೀವವೂ ಹೋಗಬಹುದು. ಬಿಂಬುಳಿ ಅದರ ನಂಟ. ಕೊಲೆಸ್ಟ್ರಾಲಿಗೆ ಒಳ್ಳೆಯದು ಅಂತ ಕೇಳಿ ಗಟ್ಟಿ ರಸ ಕುಡಿದು ಕಿಡ್ನಿ ಕೆಟ್ಟವರನ್ನು ಕೇರಳದ ವೈದ್ಯರು ಕಂಡಿದ್ದಾರೆ, ಅವರ ಕಿಡ್ನಿ ಮೊದಲು ಸರಿಯಾಗಿಯೇ ಇತ್ತು. ಸಾರಿಗೆ ಒಂದೆರಡು ಹಾಕುವುದಕ್ಕೂ ಲೋಟ ರಸ ಕುಡಿಯುವುದಕ್ಕೂ ಬಹಳ ದೂರ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಡಾಕ್ಟರು ಬೇಡ ಅಂದಿದ್ದರೆ ಒಂದು ಗುಟುಕೂ ಬೇಡ. ಕಿಡ್ನಿಯಲ್ಲಿ ಕಲ್ಲಾಗಿದ್ದವರು ಪತ್ರೊಡೆ, ಬಸಳೆ ಕಡಿಮೆ ಮಾಡಿ.

ಕಳಲೆ, ಕಾಡು ಅಣಬೆ ಎಲ್ಲರೂ ತಿನ್ನಬಹುದಾ?

ಕಳಲೆಯನ್ನು ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು, ದಿನಾ ನೀರು ಚೆಲ್ಲಿ ಬೇರೆ ಹಾಕಿ, ಕೊನೆಗೆ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ಹಸಿ ಕಳಲೆಯಲ್ಲಿ ಸೈನೈಡ್ ಬಿಡುವ ಅಂಶ ಇದೆ. ಅಣಬೆ ವಿಷಯದಲ್ಲಿ ನನ್ನದು ಒಂದೇ ಉತ್ತರ: ಮನೆಯ ಹಿರಿಯರು ವರ್ಷವೂ ಅದೇ ಜಾಗದಲ್ಲಿ ಕಿತ್ತು ತಂದು ಗುರುತಿರುವುದನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಡಿ. ಬೆಳ್ಳಿ ಕಪ್ಪಾಗುತ್ತದೆ, ಬೆಳ್ಳುಳ್ಳಿ ಕಪ್ಪಾಗುತ್ತದೆ ಅನ್ನುವ ಪರೀಕ್ಷೆಗಳನ್ನು ನಂಬಬೇಡಿ.

ಮನೆಯಲ್ಲಿ ಒಬ್ಬರಿಗೆ ಶುಗರ್, ಒಬ್ಬರಿಗೆ ಬಿಪಿ, ಮಕ್ಕಳು ಬೇರೆ. ಎಷ್ಟು ಥರ ಅಡುಗೆ ಮಾಡಲಿ ಅಕ್ಕಾ?

ಒಂದೇ ಅಡುಗೆ ಮಾಡಿ. ಪಲ್ಯ, ಹುಳಿ, ತಂಬುಳಿಯನ್ನು ಎಲ್ಲರಿಗೂ ಕಡಿಮೆ ಉಪ್ಪಿನಲ್ಲೇ ಮಾಡಿ ಇಳಿಸಿ. ಜಾಸ್ತಿ ಬೇಕಾದ ಮಕ್ಕಳಿಗೆ ತಟ್ಟೆಯಲ್ಲಿ ಅನ್ನ, ತುಪ್ಪ, ಮೊಟ್ಟೆ ಸೇರಿಸಿದರಾಯಿತು. ಕಾಯಿಲೆಯವರಿಗೆ ಬೇರೆ ಪಾತ್ರೆ ಇಟ್ಟರೆ ಅವರಿಗೂ ಬೇಜಾರು, ಮಾಡುವವರಿಗೂ ಸುಸ್ತು, ತಿಂಗಳೊಳಗೆ ಅದು ನಿಂತುಹೋಗುತ್ತದೆ. ಏಪ್ರಿಲಿನಲ್ಲಿ ಹಪ್ಪಳದ ಹಿಟ್ಟು ಕಲಸುವಾಗಲೇ ಉಪ್ಪು ಅರ್ಧಕ್ಕೆ ಇಳಿಸಿಬಿಡಿ, ಚೆನ್ನಾಗಿ ಒಣಗಿದರೆ ಕೆಡಲ್ಲ. ಮಿಡಿಗೆ ಮಾತ್ರ ಉಪ್ಪು ಇಳಿಸಬೇಡಿ, ಅದನ್ನು ಕಾಯುವುದೇ ಉಪ್ಪು. ಅದರ ಬದಲು ಭರಣಿಯ ಗಾತ್ರವನ್ನೇ ಚಿಕ್ಕದು ಮಾಡಿ.